ತಡದಿಂದ ಹುಟ್ಟುವ ತೂಗಾಟ

ಒಂದು ವಸ್ತುವಾಗಲಿ, ಅಳತೆಗೆ ಸಿಗುವ ಒಂದು ಪರಿಮಾಣವಾಗಲಿ, ತನ್ನ ಸಮತೋಲದ ನೆಲೆಯ ಎರಡೂ ಬದಿಗೆ ಮತ್ತೆ ಮತ್ತೆ ಹೋಗಿಬರುವ ಕ್ರಿಯೆಯನ್ನು ವಿಜ್ಞಾನದಲ್ಲಿ ಆಂದೋಲನ ಎನ್ನುತ್ತಾರೆ. ಹುಣಸೆಮರದ ಕೊಂಬೆಗೆ ಕಟ್ಟಿದ ಉಯ್ಯಾಲೆ, ಮೀಟಿದ ವೀಣೆಯ ತಂತಿ, ಹೊಡೆದ ಗಂಟೆಯ ಕಂಚು, ಪಂಪ್‌ಸೆಟ್ಟಿಗೆ ಬರುವ ವಿದ್ಯುತ್ ಪ್ರವಾಹ ಮುಂತಾದವು ಪಠ್ಯಪುಸ್ತಕಗಳಲ್ಲಿ ಸಿಗುವ ನಿದರ್ಶನಗಳು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಸೀಮೆಯಲ್ಲಿ ಇದೇ ಕ್ರಿಯೆ ಆನೆಯ ನಡಿಗೆಯಲ್ಲಿ, ಟಿಬೆಟನ್ ಮಠದ ಮಂತ್ರಘೋಷದಲ್ಲಿ, ಕಬಿನಿಯ ನೀರಿನ ಮಟ್ಟದಲ್ಲಿ, ಹೊಗೆಸೊಪ್ಪನ್ನು ಒಣಗಿಸುವ ಬ್ಯಾರನ್ನಿನಲ್ಲಿ ಕಾಣುವುದಲ್ಲದೆ, ರೈತರ ಬದುಕನ್ನು ನೇರವಾಗಿ ತಟ್ಟುವ ಬೆಳೆಯ ಬೆಲೆಯಲ್ಲಿಯೂ ಕಾಣುತ್ತದೆ. ಬೆಲೆಯ ಏರಿಳಿತವನ್ನು ಅರಿಯಲು ಉಯ್ಯಾಲೆಯ ವಿಜ್ಞಾನ ನೆರವಾಗುತ್ತದೆ ಎಂಬುದೇ ಈ ಲೇಖನದ ಮುಖ್ಯ ಮಾತು.

ಆಂದೋಲನ ನಡೆಯಬೇಕಾದರೆ ಎರಡು ಗುಣಗಳು ಒಂದೆಡೆ ಕೂಡಬೇಕು. ನೆಲೆ ತಪ್ಪಿದ ವಸ್ತುವನ್ನು ಮರಳಿ ನೆಲೆಯ ಕಡೆಗೆ ಎಳೆಯುವ ಪುನಃಸ್ಥಾಪಕ ಬಲ ಒಂದು; ನೆಲೆಯನ್ನು ತಲುಪಿದ ಮೇಲೂ ಅಲ್ಲಿ ನಿಲ್ಲಗೊಡದೆ ಮುಂದಕ್ಕೆ ಒಯ್ಯುವ ಜಡತ್ವ ಇನ್ನೊಂದು. ಹಿಂದಕ್ಕೆಳೆದು ಬಿಟ್ಟ ಉಯ್ಯಾಲೆಯನ್ನು ಗುರುತ್ವ ಕೆಳಗೆ ತರುತ್ತದೆ, ಆದರೆ ತೀರ ಕೆಳಗಿನ ಬಿಂದುವಿಗೆ ಬರುವ ಹೊತ್ತಿಗೆ ಅದರ ವೇಗವೇ ಅತ್ಯಂತ ಹೆಚ್ಚಾಗಿರುವುದರಿಂದ ಅದು ನಿಲ್ಲಬೇಕಾದ ಜಾಗವನ್ನು ದಾಟಿ ಎದುರು ಬದಿಗೆ ಏರುತ್ತದೆ, ಅಲ್ಲಿ ವೇಗ ಸೊನ್ನೆಯಾದಾಗ ಮತ್ತೆ ಗುರುತ್ವದ ಕೈಗೆ ಸಿಗುತ್ತದೆ. ನೆಲೆಯಿಂದ ಒಂದು ಬದಿಗೆ ಅದು ಹೋಗುವ ಅತಿ ಹೆಚ್ಚಿನ ದೂರವನ್ನು ಪಾರವೆಂದೂ, ಒಂದು ಸುತ್ತು ಹೋಗಿಬರಲು ಹಿಡಿಯುವ ಸಮಯವನ್ನು ಆವರ್ತಕಾಲವೆಂದೂ, ಒಂದು ಸೆಕೆಂಡಿನಲ್ಲಿ ನಡೆಯುವ ಸುತ್ತುಗಳ ಸಂಖ್ಯೆಯನ್ನು ಆವೃತ್ತಿಯೆಂದೂ ಕರೆಯುತ್ತಾರೆ; ಆವೃತ್ತಿಯ ಮಾನಕ್ಕೆ ಜರ್ಮನಿಯ ವಿಜ್ಞಾನಿಯ ನೆನಪಿಗಾಗಿ ಹರ್ಟ್ಸ್ ಎಂದು ಹೆಸರಿಡಲಾಗಿದೆ. ಗಾಳಿಯ ತಡೆ, ಹಗ್ಗದ ಉಜ್ಜಾಟ ಇವುಗಳಿಂದ ಶಕ್ತಿ ಸೋರಿಹೋಗಿ ಪಾರ ಕ್ರಮೇಣ ಕುಗ್ಗುವುದು ಅವಮಂದನ. ಸರಿಯಾದ ಹೊತ್ತಿಗೆ, ಅಂದರೆ ಉಯ್ಯಾಲೆಯ ಸ್ವಂತ ಆವರ್ತಕಾಲಕ್ಕೆ ಹೊಂದುವಂತೆ, ಒಂದೊಂದು ಸಣ್ಣ ತಳ್ಳು ಕೊಡುತ್ತ ಹೋದರೆ ಪಾರ ಬೆಳೆಯುವುದು ಅನುರಣನೆ.

ಉಯ್ಯಾಲೆ ಮತ್ತು ಲೋಲಕಗಳ ಆವರ್ತಕಾಲ ಅವುಗಳ ಉದ್ದವನ್ನು ಅವಲಂಬಿಸಿದೆಯೇ ಹೊರತು ಅವು ಹೊತ್ತ ಭಾರವನ್ನಲ್ಲ. ಒಂದು ಮೀಟರ್ ಉದ್ದದ ಲೋಲಕ ಒಂದು ಸುತ್ತಿಗೆ ಸುಮಾರು 2 ಸೆಕೆಂಡು ತೆಗೆದುಕೊಂಡರೆ, 2 ಸೆಕೆಂಡನ್ನು 4 ಮಾಡಲು ಉದ್ದವನ್ನು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಹೆಚ್ಚಿಸಬೇಕಾಗುತ್ತದೆ. ತೂಗಾಟ ಸಣ್ಣದಾಗಿರುವವರೆಗೆ ಪಾರ ಹೆಚ್ಚಾದರೂ ಕಡಿಮೆಯಾದರೂ ಸಮಯ ಹೆಚ್ಚುಕಡಿಮೆ ಒಂದೇ ಎಂಬುದನ್ನು ಗೆಲಿಲಿಯೊ ಗುರುತಿಸಿದ. ಪೀಸಾ ನಗರದ ಚರ್ಚಿನಲ್ಲಿ ತೂಗುತ್ತಿದ್ದ ದೀಪವನ್ನು ನೋಡಿ ಅವನಿಗೆ ಇದು ಹೊಳೆಯಿತೆಂಬ ಕಥೆ ಮಾತ್ರ ಇತಿಹಾಸಕ್ಕಿಂತ ದಂತಕಥೆಗೆ ಹತ್ತಿರವಾದದ್ದು. ಈ ಗುಣವನ್ನೇ ಬಳಸಿಕೊಂಡು 1656ರಲ್ಲಿ ಹಾಲೆಂಡಿನ ಕ್ರಿಶ್ಚಿಯಾನ್ ಹೈಗೆನ್ಸ್ ಲೋಲಕದ ಗಡಿಯಾರವನ್ನು ರೂಪಿಸಿದ ಮೇಲೆ ಕಾಲಮಾಪನ ಹಿಂದೆಂದೂ ಇಲ್ಲದ ನಿಖರತೆಯನ್ನು ಪಡೆಯಿತು.

ನಡೆಯುವ ಪ್ರಾಣಿಯ ಕಾಲೂ ನೆಲದಿಂದ ಎದ್ದು ಮುಂದಕ್ಕೆ ಬೀಸುವಷ್ಟು ಹೊತ್ತು ಹೆಚ್ಚುಕಡಿಮೆ ಒಂದು ಲೋಲಕವೇ. ಆದ್ದರಿಂದಲೇ ಕಾಲು ಉದ್ದವಾದಷ್ಟೂ ಸಹಜ ನಡಿಗೆಯ ಲಯ ನಿಧಾನವಾಗುತ್ತದೆ. ಪ್ರತಿ ವರ್ಷ ದಸರೆಗೆ ಮುನ್ನ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುವಾಗ ಆನೆಯ ಪಕ್ಕದಲ್ಲಿ ಸಾಗುವ ಮನುಷ್ಯರು ಅದರ ಒಂದು ಹೆಜ್ಜೆಗೆ ಒಂದಕ್ಕಿಂತ ಹೆಚ್ಚು ಹೆಜ್ಜೆ ಹಾಕಬೇಕಾಗುವುದು ಇದರಿಂದಲೇ. ಮೈಸೂರಿನಲ್ಲಿ ಜಂಬೂಸವಾರಿಗೆ ಮೊದಲು ವಾರಗಟ್ಟಲೆ ಮರಳುಮೂಟೆ ಹೊರಿಸಿ ಆನೆಗೆ ತಾಲೀಮು ಕೊಡುವುದರ ಹಿಂದೆಯೂ ಇಂಥದೇ ಒಂದು ವಿವೇಕವಿದೆ. ಸುಮಾರು 750 ಕಿಲೋಗ್ರಾಂ ತೂಕದ ಅಂಬಾರಿ ಬೆನ್ನಿನ ಮೇಲೆ ಎತ್ತರದಲ್ಲಿ ಕುಳಿತಾಗ ಆನೆ ಮತ್ತು ಹೊರೆ ಸೇರಿದ ಒಟ್ಟು ದೇಹದ ಓಲಾಟವೇ ಬೇರೆಯಾಗುತ್ತದೆ. ಹೆಜ್ಜೆಯ ಲಯ ಆ ಓಲಾಟವನ್ನು ಬೆಳೆಸುವಂತಿರದೆ ತಗ್ಗಿಸುವಂತಿರಬೇಕು, ಹಗ್ಗದ ಬಿಗಿತವೂ ಅದಕ್ಕೆ ತಕ್ಕಂತಿರಬೇಕು.

ಕಣ್ಣಿಗೆ ಕಾಣುವ ಈ ನಿಧಾನದ ತೂಗಾಟಗಳಿಂದ ಕಿವಿಗೆ ಕೇಳುವ ತೂಗಾಟಗಳಿಗೆ ಬಂದರೆ ಇಲ್ಲಿನ ಸಾಮಗ್ರಿ ಇನ್ನೂ ಸಮೃದ್ಧವಾಗಿದೆ. ಗಾಳಿಯ ಒತ್ತಡದ ಆಂದೋಲನವೇ ಶಬ್ದ. ಮನುಷ್ಯನ ಕಿವಿಗೆ ಸ್ಥೂಲವಾಗಿ 20ರಿಂದ 20,000 ಹರ್ಟ್ಸ್‌ವರೆಗಿನ ಆಂದೋಲನಗಳು ಮಾತ್ರ ಶಬ್ದವಾಗಿ ಗೋಚರಿಸುತ್ತವೆ. ನಾಗರಹೊಳೆಯ ಕಾಡಾನೆಗಳು ಈ ಮಿತಿಯ ಕೆಳಗೂ ಮಾತಾಡುತ್ತವೆ. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ನಿಂತಿದ್ದ ಕ್ಯಾಥರಿನ್ ಪೇಯ್ನ್ ಎಂಬ ಸಂಶೋಧಕಿಗೆ ಕಿವಿಗೆ ಏನೂ ಕೇಳಿಸದಿದ್ದರೂ ಗಾಳಿಯಲ್ಲಿ ಒಂದು ಮಿಡಿತದ ಅನುಭವವಾಯಿತು. ಧ್ವನಿಮುದ್ರಿಸಿಕೊಂಡು ಪರೀಕ್ಷಿಸಿದಾಗ ಅವು ಸುಮಾರು 14ರಿಂದ 24 ಹರ್ಟ್ಸ್‌ನ ಕರೆಗಳೆಂದು ತಿಳಿದುಬಂತು. ಸೆಕೆಂಡಿಗೆ 17 ಸಲ ತೂಗುವ ಶಬ್ದದ ಒಂದೊಂದು ಅಲೆಯೂ ಗಾಳಿಯಲ್ಲಿ ಸುಮಾರು 20 ಮೀಟರ್ ಉದ್ದವಿರುತ್ತದೆ. ಅಷ್ಟು ಉದ್ದದ ಅಲೆಗೆ ತೇಗದ ಕಾಂಡವಾಗಲಿ ಬಿದಿರ ಮೆಳೆಯಾಗಲಿ ದೊಡ್ಡ ಅಡ್ಡಿಯಲ್ಲ, ಗಾಳಿಯೂ ಅದರ ಶಕ್ತಿಯನ್ನು ಬೇಗ ಹೀರುವುದಿಲ್ಲ. ಹೀಗಾಗಿ ಅದು ದಟ್ಟ ಕಾಡಿನಲ್ಲಿಯೂ ಕಿಲೋಮೀಟರುಗಟ್ಟಲೆ ಸಾಗಿ, ಕಣ್ಣಿಗೆ ಕಾಣದಷ್ಟು ದೂರದಲ್ಲಿ ಚದುರಿದ ಹಿಂಡುಗಳನ್ನು ಒಂದು ಸಂಪರ್ಕದಲ್ಲಿ ಇಡುತ್ತದೆ.

ಕೇಳಿಸುವ ಶಬ್ದದ ಕೆಳದಂಡೆಯಲ್ಲಿ ಮನುಷ್ಯಕಂಠ ಸಾಧಿಸಿದ ಒಂದು ಅಪರೂಪದ ಕಲೆಯೂ ಈ ಸೀಮೆಯಲ್ಲಿದೆ. 1960 ಮತ್ತು 70ರ ದಶಕಗಳಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿಯೂ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಟಿಬೆಟನ್ ನಿರಾಶ್ರಿತರ ನೆಲೆಗಳು ಬೆಳೆದವು, ಗುರುಪುರದಲ್ಲಿ ಗ್ಯುಮೆ ತಾಂತ್ರಿಕ ಮಠ ಮರುಸ್ಥಾಪನೆಗೊಂಡಿತು. ಗ್ಯುಮೆ ಮತ್ತು ಅದರ ಸೋದರ ಸಂಸ್ಥೆಯಾದ ಗ್ಯುಟೊ ಮಠಗಳ ಭಿಕ್ಷುಗಳು ಮಂತ್ರ ಪಠಿಸುವಾಗ ಒಬ್ಬನೇ ವ್ಯಕ್ತಿಯ ಗಂಟಲಿನಿಂದ ಎರಡು ಸ್ವರಗಳು ಒಟ್ಟಿಗೆ ಹೊರಟಂತೆ ಕೇಳುತ್ತದೆ. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಹ್ಯೂಸ್ಟನ್ ಸ್ಮಿತ್, ಕೆನೆತ್ ಸ್ಟೀವನ್ಸ್ ಮತ್ತು ಸಂಗಡಿಗರು ಗ್ಯುಟೊ ಭಿಕ್ಷುಗಳ ಪಠಣವನ್ನು ವಿಶ್ಲೇಷಿಸಿ 1967ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಇದರ ಗುಟ್ಟು ಬಹುಮಟ್ಟಿಗೆ ಬಯಲಾಯಿತು. ಗಂಡಸಿನ ಸಾಮಾನ್ಯ ಮಾತಿನಲ್ಲಿ ಧ್ವನಿತಂತುಗಳು ಸೆಕೆಂಡಿಗೆ ನೂರು ಸಲಕ್ಕೂ ಹೆಚ್ಚು ಕಂಪಿಸಿದರೆ, ಈ ಪಠಣದ ಮೂಲ ಸ್ವರ ಸುಮಾರು 63 ಹರ್ಟ್ಸ್‌ಗೆ ಇಳಿಯುತ್ತದೆ. ಯಾವ ಕಂಠದಲ್ಲಿಯೂ ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಆವೃತ್ತಿಯ ಉಪಸ್ವರಗಳು ಅಡಗಿರುತ್ತವೆ. ಭಿಕ್ಷುಗಳು ಬಾಯಿ ಮತ್ತು ಗಂಟಲಿನ ಪೊಳ್ಳನ್ನು ಒಂದು ನಿರ್ದಿಷ್ಟ ಆಕಾರಕ್ಕೆ ತಂದು ಐದು ಪಟ್ಟು ಆವೃತ್ತಿಯ ಉಪಸ್ವರಕ್ಕೆ ಅನುರಣನೆ ಒದಗಿಸುವುದರಿಂದ, ಸುಮಾರು 315 ಹರ್ಟ್ಸ್‌ನ ಆ ಸ್ವರ ಮಿಕ್ಕವುಗಳಿಂದ ಬೇರ್ಪಟ್ಟು ಸ್ವತಂತ್ರ ದನಿಯಂತೆ ಮೇಲೆದ್ದು ಬರುತ್ತದೆ. ಅಲ್ಲಿ ಹೊಸ ಶಬ್ದವೇನೂ ಹುಟ್ಟುವುದಿಲ್ಲ, ಇದ್ದದ್ದರಲ್ಲಿ ಒಂದನ್ನು ಆಯ್ದು ಬೆಳೆಸಲಾಗುತ್ತದೆ ಅಷ್ಟೆ. ವರ್ಷಗಟ್ಟಲೆ ಸಾಧನೆಯಿಂದ ಮಾತ್ರ ಕೈಗೂಡುವ ಈ ವಿದ್ಯೆ ಅನುರಣನೆ ಎಂಬ ತತ್ತ್ವಕ್ಕೆ ಎಷ್ಟು ಅಚ್ಚುಕಟ್ಟಾದ ಉದಾಹರಣೆಯಾದರೂ ಶಾಲೆಯ ಪಾಠಗಳಲ್ಲಿ ಅದರ ಸುಳಿವು ಕಾಣುವುದು ಅಪರೂಪ.

ಏರಿಳಿಯುವುದೆಲ್ಲವೂ ತನ್ನದೇ ಆದ ಆಂದೋಲನವಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಎಚ್.ಡಿ. ಕೋಟೆ ಸೀಮೆಯ ಬೀಚನಹಳ್ಳಿಯ ಬಳಿ 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,284 ಅಡಿ, ಸಂಗ್ರಹ ಸಾಮರ್ಥ್ಯ 19.52 ಟಿಎಂಸಿ ಅಡಿ. ಕೇರಳದ ವಯನಾಡಿನಲ್ಲಿ ಮುಂಗಾರು ಬಲವಾದರೆ ಜಲಾಶಯ ತುಂಬುತ್ತದೆ, ಬೇಸಿಗೆಯ ಹೊತ್ತಿಗೆ ಬತ್ತಿ ಹಿನ್ನೀರಿನ ತಳ ಹುಲ್ಲುಗಾವಲಾಗುತ್ತದೆ. ಕಾಡಿನೊಳಗಿನ ಕೆರೆಕುಂಟೆಗಳು ಒಣಗಿದಾಗ ನೂರಾರು ಆನೆಗಳು ಈ ಹಿನ್ನೀರಿನ ದಂಡೆಗೆ ಬಂದು ಸೇರುವುದೂ, ಮಳೆ ಹಿಡಿದೊಡನೆ ಮತ್ತೆ ಕಾಡಿನಲ್ಲಿ ಚದುರುವುದೂ ವರ್ಷವರ್ಷವೂ ನಡೆಯುವ ಸಂಗತಿ. ಆದರೆ ಈ ಲಯ ನೀರಿನದೂ ಅಲ್ಲ, ಆನೆಯದೂ ಅಲ್ಲ. ಭೂಮಿ ಸೂರ್ಯನನ್ನು ಸುತ್ತುವುದರಿಂದ ಹುಟ್ಟಿದ ಋತುಚಕ್ರ ಅದನ್ನು ಹೊರಗಿನಿಂದ ಹೇರುತ್ತದೆ. ಮಳೆ ಒಂದು ವರ್ಷ ಕೈಕೊಟ್ಟರೆ ಜಲಾಶಯ ತನ್ನಷ್ಟಕ್ಕೆ ತುಂಬಲಾರದು. ಇಂಥವನ್ನು ಪ್ರೇರಿತ ಆಂದೋಲನವೆಂದು ಬೇರೆಯಾಗಿ ಹೇಳುವುದು ವಾಡಿಕೆ.

ಅದೇ ಕಾಡಿನ ಹೆಬ್ಬಿದಿರಿನ ಬಗೆ ಬೇರೆ. ಮಳೆ ಹೆಚ್ಚಲಿ ಕಡಿಮೆಯಾಗಲಿ, ಅದು ಹಲವು ದಶಕಗಳವರೆಗೆ ಹೂವಿಲ್ಲದೆ ಬೆಳೆದು, ಆಮೇಲೆ ಒಂದು ವಿಸ್ತಾರವಾದ ಪ್ರದೇಶದಲ್ಲಿ ಹೆಚ್ಚುಕಡಿಮೆ ಒಟ್ಟಿಗೆ ಹೂಬಿಟ್ಟು, ಬೀಜ ಉದುರಿಸಿ ಒಣಗಿಹೋಗುತ್ತದೆ. 2010ರ ನಂತರದ ಕೆಲವು ವರ್ಷಗಳಲ್ಲಿ ನಾಗರಹೊಳೆ, ಬಂಡೀಪುರಗಳ ಬಿದಿರು ಹೀಗೆ ಹೂಬಿಟ್ಟು ಸತ್ತಾಗ ಆನೆಯ ಒಂದು ಮುಖ್ಯ ಮೇವೇ ಇಲ್ಲವಾಗಿ, ಹೊಸ ಮೆಳೆಗಳು ಬೀಜದಿಂದಲೇ ಎದ್ದು ಬರಬೇಕಾಯಿತು. ಇಲ್ಲಿ ಕಾಲವನ್ನು ಎಣಿಸುವ ಯಂತ್ರ ಗಿಡದೊಳಗೇ ಇದೆ, ಅದು ಹೇಗೆ ಎಣಿಸುತ್ತದೆ ಎಂಬುದು ಸಸ್ಯವಿಜ್ಞಾನಕ್ಕೆ ಇಂದಿಗೂ ಪೂರ್ತಿ ಬಿಡಿಸಲಾಗದ ಒಗಟು.

ಲೋಲಕದಲ್ಲಿ ಜಡತ್ವ ಮಾಡುವ ಕೆಲಸವನ್ನು ಬೇರೆ ಕಡೆಗಳಲ್ಲಿ ವಿಳಂಬ ಮಾಡುತ್ತದೆ ಎಂಬುದನ್ನು ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಸ್ಪಷ್ಟವಾಗಿ ನೋಡಬಹುದು. ಹಸಿರೆಲೆಯನ್ನು ಕೋಲಿಗೆ ಕಟ್ಟಿ ಬ್ಯಾರನ್ನಿನಲ್ಲಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಹಾಕಿ, ಬಿಸಿ ಹೊಗೆ ಸಾಗುವ ತಗಡಿನ ಕೊಳವೆಗಳ ಮೂಲಕ ಒಳಗಿನ ಗಾಳಿಯನ್ನು ಕಾಯಿಸುತ್ತಾರೆ. ಎಲೆ ಹಳದಿಗೆ ತಿರುಗುವ ಮೊದಲ ಹಂತದಲ್ಲಿ 35ರಿಂದ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು, ನಡುದಂಟು ಒಣಗುವ ಕೊನೆಯ ಹಂತದಲ್ಲಿ ಸುಮಾರು 70 ಡಿಗ್ರಿ ಶಾಖ ಬೇಕು. ಈಗ ಹಾಕಿದ ಸೌದೆಯ ಶಾಖ ಒಳಗಿನ ಉಷ್ಣಮಾಪಕಕ್ಕೆ ಮುಟ್ಟುವುದು ಸ್ವಲ್ಪ ಹೊತ್ತಿನ ಮೇಲೆ. ಶಾಖ ಸಾಲದೆಂದು ಕಂಡೊಡನೆ ಹೊಸಬ ಸೌದೆ ತುರುಕುತ್ತಾನೆ, ಮಾಪಕ ಇನ್ನೂ ಏರದ್ದನ್ನು ಕಂಡು ಮತ್ತಷ್ಟು ತುರುಕುತ್ತಾನೆ, ಎಲ್ಲ ಶಾಖವೂ ಒಟ್ಟಿಗೆ ಬಂದಾಗ ಎಲೆ ಕಪ್ಪಾಗುವ ಭಯದಿಂದ ಬೆಂಕಿ ಹೊರಗೆಳೆಯುತ್ತಾನೆ, ಆಗ ಶಾಖ ಬೇಕಾದ್ದಕ್ಕಿಂತ ಕೆಳಗಿಳಿಯುತ್ತದೆ. ಅನುಭವಿ ಬೆಳೆಗಾರ ಮಾಪಕ ಗುರಿ ಮುಟ್ಟುವ ಮುನ್ನವೇ ಉರಿ ತಗ್ಗಿಸುತ್ತಾನೆ. ಇಬ್ಬರ ಒಲೆಯೂ ಸೌದೆಯೂ ಒಂದೇ. ತಡವಾಗಿ ಬರುವ ಸುದ್ದಿಯನ್ನು ಎಣಿಕೆಗೆ ತೆಗೆದುಕೊಳ್ಳುವುದರಲ್ಲಿ ಮಾತ್ರ ವ್ಯತ್ಯಾಸವಿದೆ.

ಇದೇ ವಿಳಂಬ ಒಲೆಯಿಂದ ಮಾರುಕಟ್ಟೆಗೆ ಬಂದಾಗ ಗಂಟೆಗಳ ಜಾಗದಲ್ಲಿ ತಿಂಗಳುಗಳು ನಿಲ್ಲುತ್ತವೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ವಯನಾಡಿನಿಂದ ಬಂದು ಗುತ್ತಿಗೆಗೆ ಜಮೀನು ಹಿಡಿದವರೂ ಸ್ಥಳೀಯರೂ ಬೆಳೆಯುವ ಶುಂಠಿ ಇದಕ್ಕೆ ಒಳ್ಳೆಯ ಉದಾಹರಣೆ. ಯುಗಾದಿಯ ಆಸುಪಾಸಿನಲ್ಲಿ ನೆಲಕ್ಕಿಟ್ಟ ಶುಂಠಿ ಬಲಿಯಲು ಎಂಟರಿಂದ ಹತ್ತು ತಿಂಗಳು ಬೇಕು. ನೆಡುವಾಗ ರೈತನ ಕಣ್ಣ ಮುಂದಿರುವುದು ಅಂದಿನ ಬೆಲೆ, ಅವನ ಕೈಗೆ ಬರುವುದು ಮುಂದಿನ ಹಂಗಾಮಿನ ಬೆಲೆ. ಬೆಲೆ ಏರಿದ ವರ್ಷ ಎಲ್ಲರೂ ಹೆಚ್ಚು ನೆಡುತ್ತಾರೆ, ಅಷ್ಟೂ ಒಟ್ಟಿಗೆ ಮಾರುಕಟ್ಟೆಗೆ ಬಂದು ಬೆಲೆ ಬೀಳುತ್ತದೆ, ಬಿದ್ದ ಬೆಲೆಗೆ ಹೆದರಿ ಎಲ್ಲರೂ ಕೈಬಿಡುತ್ತಾರೆ, ಕೊರತೆಯಿಂದ ಬೆಲೆ ಮತ್ತೆ ಏರುತ್ತದೆ. 2023ರ ಮುಂಗಾರಿನಲ್ಲಿ 60 ಕಿಲೋಗ್ರಾಂ ಮೂಟೆಯ ಧಾರಣೆ ಹದಿನೈದು ಸಾವಿರ ರೂಪಾಯಿಯನ್ನೂ ದಾಟಿ, ಹೊಲದಲ್ಲಿರುವ ಶುಂಠಿಗೆ ರಾತ್ರಿ ಕಾವಲು ಕೂರುವ ಸ್ಥಿತಿ ಬಂದಿತ್ತು. 2025ರ ಹೊತ್ತಿಗೆ ಬೀಜ, ಗೊಬ್ಬರ, ಗುತ್ತಿಗೆಗಳ ಖರ್ಚೂ ಹುಟ್ಟದ ಮಟ್ಟಕ್ಕೆ ಅದೇ ಧಾರಣೆ ಕುಸಿಯಿತು.

ಜರ್ಮನಿಯ ಆರ್ಥರ್ ಹಾನಾವ್ 1928ರಲ್ಲಿ ಹಂದಿಯ ಬೆಲೆಗಳಲ್ಲಿ ಇಂಥದೇ ಚಕ್ರವನ್ನು ಗುರುತಿಸಿದ. 1934ರಲ್ಲಿ ನಿಕೊಲಸ್ ಕಾಲ್ಡರ್ ಇದರ ಸಿದ್ಧಾಂತಕ್ಕೆ ಜೇಡರಬಲೆಯ ಹೆಸರಿಟ್ಟ, ಏಕೆಂದರೆ ಬೆಲೆ ಮತ್ತು ಪ್ರಮಾಣಗಳ ನಡೆಯನ್ನು ನಕ್ಷೆಯಲ್ಲಿ ಎಳೆದರೆ ಬಲೆಯಂಥ ಆಕೃತಿ ಮೂಡುತ್ತದೆ. ಈ ಸಿದ್ಧಾಂತದ ತಿರುಳು ಎಲ್ಲರಿಗೂ ಅರ್ಥವಾಗುವಂಥದು. ಬೆಲೆ ಬದಲಾದಾಗ ಕೊಳ್ಳುವವರು ಬೆಳೆಯುವವರಿಗಿಂತ ಹೆಚ್ಚು ಸ್ಪಂದಿಸಿದರೆ ತೂಗಾಟ ತಾನಾಗಿ ತಣಿಯುತ್ತದೆ, ಬೆಳೆಯುವವರೇ ಹೆಚ್ಚು ಸ್ಪಂದಿಸಿದರೆ ಸುತ್ತಿನಿಂದ ಸುತ್ತಿಗೆ ಅದು ಹಿಗ್ಗುತ್ತದೆ. ಶುಂಠಿಯ ದುರದೃಷ್ಟವೆಂದರೆ ಅದು ಎರಡನೆಯ ಗುಂಪಿಗೆ ಸೇರಿದ್ದು: ಬೆಲೆ ಅರ್ಧಕ್ಕಿಳಿಯಿತೆಂದು ಯಾವ ಮನೆಯಲ್ಲೂ ಚಹಾಕ್ಕೆ ಎರಡು ಪಟ್ಟು ಶುಂಠಿ ಜಜ್ಜುವುದಿಲ್ಲ, ಆದರೆ ಬೆಲೆ ಏರಿತೆಂದು ಎರಡು ಎಕರೆಯವನು ನಾಲ್ಕು ಎಕರೆಗೆ ಗುತ್ತಿಗೆ ಹಿಡಿಯುತ್ತಾನೆ. ಆದರೂ ತೂಗಾಟ ಮಿತಿಮೀರಿ ಹಿಗ್ಗದಿರಲು ಕಾರಣಗಳಿವೆ. ಬಿತ್ತನೆಯ ಗೆಡ್ಡೆಯೂ ಶುಂಠಿಯೇ ಆದ್ದರಿಂದ ಧಾರಣೆ ಏರಿದ ವರ್ಷ ಬೀಜದ ಖರ್ಚೂ ಏರಿ ಕೆಲವರ ಕೈ ಕಟ್ಟುತ್ತದೆ. ಬೆಲೆ ಬಿದ್ದಾಗ ಕೀಳದೆ ನೆಲದಲ್ಲೇ ಬಿಟ್ಟು ಮುಂದೆ ಹಳೆ ಶುಂಠಿಯಾಗಿ ಮಾರುವ ರೂಢಿ ಒಂದು ಬಗೆಯ ದಾಸ್ತಾನಿನಂತೆ ಕೆಲಸ ಮಾಡುತ್ತದೆ. ಕೊಳೆರೋಗವಂತೂ ಯಾರ ಲೆಕ್ಕಕ್ಕೂ ಸಿಗದೆ ನಡುವೆ ಬಂದು ಇಡೀ ಚಕ್ರವನ್ನೇ ಕೆಡಿಸುತ್ತದೆ, ಆದ್ದರಿಂದ ಎರಡು ವರ್ಷಕ್ಕೊಮ್ಮೆ, ಮೂರು ವರ್ಷಕ್ಕೊಮ್ಮೆ ಎಂದು ಬೆಲೆಗೆ ಗಡಿಯಾರ ಕಟ್ಟಿ ಹೇಳುವವರ ಮಾತನ್ನು ನಂಬಿ ಸಾಲ ಮಾಡುವುದು ಸಲ್ಲದು.

ಅದೇ ಹೋಬಳಿಗಳ ಹೊಗೆಸೊಪ್ಪಿನ ಸ್ಥಿತಿ ಬೇರೆ. 1975ರ ಕಾಯ್ದೆಯಂತೆ 1976ರ ಜನವರಿ 1ರಂದು ಅಸ್ತಿತ್ವಕ್ಕೆ ಬಂದ, ಗುಂಟೂರಿನಲ್ಲಿ ಕೇಂದ್ರ ಕಚೇರಿಯಿರುವ ತಂಬಾಕು ಮಂಡಳಿ, ವರ್ಜೀನಿಯಾ ತಂಬಾಕಿನ ಬೆಳೆಗಾರರಿಗೂ ಬ್ಯಾರನ್ನುಗಳಿಗೂ ಪರವಾನಗಿ ಕೊಟ್ಟು, ನಾಟಿಗೆ ಮೊದಲೇ ರಾಜ್ಯದ ಒಟ್ಟು ಬೆಳೆಯ ಪ್ರಮಾಣವನ್ನು ನಿಗದಿಮಾಡುತ್ತದೆ. 1984ರಿಂದ ಕರ್ನಾಟಕದಲ್ಲಿ ಮಂಡಳಿಯ ಮೂಲಕವೇ ಹರಾಜು ನಡೆಯುತ್ತ ಬಂದಿದೆ, ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಮುಂತಾದ ಊರುಗಳ ಹೆಸರು ಬೆಳೆಗಾರರ ಬಾಯಲ್ಲಿ ಹರಾಜು ಮಾರುಕಟ್ಟೆಯ ಹೆಸರಾಗಿಯೇ ಉಳಿದಿದೆ. ಆಂದೋಲನದ ದೃಷ್ಟಿಯಿಂದ ಇದು ಅವಮಂದನದ ಏರ್ಪಾಡು. ಇದರಲ್ಲಿ ಸೋರಿಕೆಯೂ ಇದೆ: ಪರವಾನಗಿಯಿಲ್ಲದೆ ಬೆಳೆಯುವವರಿದ್ದಾರೆ, ನಿಗದಿಗಿಂತ ಹೆಚ್ಚು ಬೆಳೆಯುವವರಿದ್ದಾರೆ, ದಂಡ ಕಟ್ಟಿ ಮಾರಲು ಅವರಿಗೆ ಮತ್ತೆ ಮತ್ತೆ ಅವಕಾಶ ಸಿಗುತ್ತಲೂ ಇದೆ, ದರ ಸಾಲದೆಂಬ ಪ್ರತಿಭಟನೆಗಳೂ ನಡೆಯುತ್ತವೆ. ಹಾಗಿದ್ದರೂ ಶುಂಠಿಯಂತೆ ಒಂದೆರಡು ವರ್ಷದಲ್ಲಿ ಆಕಾಶದಿಂದ ಪಾತಾಳಕ್ಕೆ ಬೀಳುವ ಅನುಭವ ಹೊಗೆಸೊಪ್ಪಿನಲ್ಲಿ ವಿರಳ. ತಂಬಾಕು ಆರೋಗ್ಯಕ್ಕೂ, ಸೌದೆಗಾಗಿ ಕಡಿದ ಮರಗಳಿಗೂ ಮಾಡುವ ಕೇಡು ದೊಡ್ಡದು, ಅದರಿಂದ ರೈತರು ಹೊರಬರಬೇಕೆಂಬ ಮಾತು ಸರಿಯಾದದ್ದೇ. ಆದರೆ ಬೆಳೆಗಾರ ಅದನ್ನು ಬಿಡಲು ಹಿಂಜರಿಯುವುದಕ್ಕೆ ಲಾಭದ ಆಸೆಗಿಂತ ಈ ಸ್ಥಿರತೆ ಹೆಚ್ಚಿನ ಕಾರಣವೆಂಬುದನ್ನು ಉಪದೇಶ ಮಾಡುವವರು ಗಮನಿಸುವುದಿಲ್ಲ.

ಕೆ.ಆರ್. ನಗರದ ಭತ್ತದ ತೂಗಾಟಕ್ಕೆ ಮೂರು ಬಗೆಯ ತಡೆಗಳು ಒಟ್ಟಿಗೆ ದೊರೆತಿವೆ. ಚಾಮರಾಜ ನಾಲೆಗಳಂಥ ಕಾವೇರಿಯ ನೀರಾವರಿಯಿಂದ ಇಳುವರಿ ಬಹುಪಾಲು ವರ್ಷಗಳಲ್ಲಿ ಖಚಿತ, ಕನಿಷ್ಠ ಬೆಂಬಲ ಬೆಲೆಯಿಂದ ಧಾರಣೆಗೆ ಒಂದು ನೆಲಗಟ್ಟು ಸಿಕ್ಕಿದೆ, ಒಣಗಿಸಿ ಚೀಲಕ್ಕೆ ತುಂಬಿದ ಭತ್ತ ತಿಂಗಳುಗಟ್ಟಲೆ ಕಾಯಬಲ್ಲದು.

ತೂಗಾಟ ತಗ್ಗಿಸಲು ಶುಂಠಿಗೂ ಮಂಡಳಿ ಬೇಕೆಂದೇನೂ ಇಲ್ಲ, ಪರವಾನಗಿಯಂತೂ ಬೇಡವೇ ಬೇಡ. ಈಗ ಎಷ್ಟು ಎಕರೆಗೆ ಶುಂಠಿ ಬಿದ್ದಿದೆ ಎಂಬುದು ಬೆಳೆಗಾರನಿಗೆ ತಿಳಿಯುವುದು ಬೆಲೆ ಬಿದ್ದ ಮೇಲೆಯೇ. ನಾಟಿಗೆ ಮುನ್ನವೇ ಗುತ್ತಿಗೆ ಒಪ್ಪಂದಗಳ, ಬೀಜ ಮಾರಾಟದ ಲೆಕ್ಕವನ್ನು ಹೋಬಳಿವಾರು ಕಲೆಹಾಕಿ ರೈತ ಸಂಪರ್ಕ ಕೇಂದ್ರಗಳ ಫಲಕದಲ್ಲಿ ಬರೆದರೆ ಎಂಟು ತಿಂಗಳ ವಿಳಂಬದಲ್ಲಿ ಒಂದು ದೊಡ್ಡ ಪಾಲು ಕಡಿಮೆಯಾಗುತ್ತದೆ. ತೋಟಗಾರಿಕೆ ಇಲಾಖೆಯೂ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳೂ ಈ ಲೆಕ್ಕವನ್ನು ಬರುವ ಯುಗಾದಿಯ ಮೊದಲೇ ರೈತರ ಮುಂದಿಡಬೇಕು.